ಮುಂಬಯಿಯಲ್ಲಿ ತಂಗಲು ಮಾಟುಂಗ: ಐದು ದಿನಗಳ ಅನುಭವ

ಮುಂಬಯಿಗೆ ಮೊದಲ ಸಲ ಹೋದಾಗ ನಾವು ಬಾಡಿಗೆಯನ್ನಷ್ಟೇ ನೋಡಿ ನಗರದ ಉತ್ತರಕ್ಕಿರುವ ಅಂಧೇರಿ ಪೂರ್ವದ ಒಂದು ಹೋಟೆಲಿನಲ್ಲಿ ಇಳಿದುಕೊಂಡಿದ್ದೆವು. ಕೋಣೆ ಚೊಕ್ಕಟವಾಗಿತ್ತು. ಆದರೆ ಗೇಟ್‌ವೇ ಆಫ್ ಇಂಡಿಯಾ ನೋಡಲು ಟ್ಯಾಕ್ಸಿಯಲ್ಲಿ ಹೊರಟ ದಿನ ಅರ್ಧ ಹೊತ್ತೆಲ್ಲ ರಸ್ತೆಯಲ್ಲೇ ಕಳೆದು, ಅಮ್ಮನ ಮೊಣಕಾಲು ನೋವು ಹೆಚ್ಚಾಗಿ, ಎಲಿಫೆಂಟಾ ದ್ವೀಪದ ದೋಣಿ ಹತ್ತದೆಯೇ ಹಿಂದಿರುಗಬೇಕಾಯಿತು. ಆದ್ದರಿಂದ ಈ ಸಲ ಮೊದಲು ಲೋಕಲ್ ರೈಲಿನ ನಕ್ಷೆಯನ್ನು ಮುಂದಿಟ್ಟುಕೊಂಡು ಬಡಾವಣೆಯನ್ನು ಆರಿಸಿದೆ, ಕೋಣೆಯನ್ನು ಆಮೇಲೆ ಹುಡುಕಿದೆ. ಆರಿಸಿದ್ದು ಮಾಟುಂಗ ಪೂರ್ವವನ್ನು.

ಮುಂಬಯಿ ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಚಾಚಿಕೊಂಡ ನಗರ. ಅಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಕ್ಕಿಂತ ಯಾವ ಲೈನು, ಎಷ್ಟು ಸ್ಟೇಷನ್ನು ಎಂದು ಕೇಳುವುದೇ ಸರಿ. ಮಾಟುಂಗದ ದೊಡ್ಡ ಅನುಕೂಲವೆಂದರೆ ಮಧ್ಯ ರೈಲ್ವೆಯ ಮಾಟುಂಗ, ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್, ಪಶ್ಚಿಮ ರೈಲ್ವೆಯ ಮಾಟುಂಗ ರೋಡ್ ಈ ಮೂರೂ ನಿಲ್ದಾಣಗಳು ನಡೆದುಹೋಗುವಷ್ಟು ಹತ್ತಿರದಲ್ಲಿವೆ. ಹಳಿಗಳ ಮೇಲಿನ ಕಾಲ್ಸೇತುವೆಯನ್ನು, ಸ್ಥಳೀಯರು ಝಡ್ ಬ್ರಿಜ್ ಎನ್ನುವುದನ್ನು, ದಾಟಿದರೆ ಒಂದು ಲೈನಿನಿಂದ ಇನ್ನೊಂದಕ್ಕೆ ಹೋಗಬಹುದು. ಮಾಟುಂಗದಲ್ಲಿ ಸ್ಲೋ ಗಾಡಿಗಳು, ಅಂದರೆ ಎಲ್ಲ ಸ್ಟೇಷನ್ನುಗಳಲ್ಲೂ ನಿಂತು ಹೋಗುವವು, ಮಾತ್ರ ನಿಲ್ಲುತ್ತವೆ ಎಂಬುದು ನೆನಪಿರಲಿ. ಆದರೂ ಅದೇ ಗಾಡಿಯಲ್ಲಿ ಬೈಕುಲಾದಲ್ಲಿ ಇಳಿದು 1872ರಲ್ಲಿ ಆರಂಭವಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವನ್ನು ನೋಡಬಹುದು. ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಭವ್ಯ ಕಟ್ಟಡವೇ ಎದುರಾಗುತ್ತದೆ. ಬೆಳಗಿನ ಎಂಟರಿಂದ ಹನ್ನೊಂದರವರೆಗಿನ ನೂಕುನುಗ್ಗಲನ್ನು ತಪ್ಪಿಸಿಕೊಂಡು ಹೊರಟ ದಿನ ಅಮ್ಮನಿಗೆ ಮಹಿಳೆಯರ ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು, ಈ ಸಲ ದೋಣಿಯನ್ನೂ ಹತ್ತಿದರು.

ಊಟ ತಿಂಡಿಯ ವಿಷಯದಲ್ಲಿ ಮಾಟುಂಗಕ್ಕೆ ಸಮನಾದ ಬಡಾವಣೆಯನ್ನು ನಾನು ಇನ್ನೂ ಕಂಡಿಲ್ಲ. ಸ್ಟೇಷನ್ನಿನ ಎದುರೇ, ಮಾರುಕಟ್ಟೆ ಕಟ್ಟಡದ ಮಹಡಿಯ ಮೇಲೆ, 1942ರಲ್ಲಿ ಆರಂಭವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ತಟ್ಟೆಯ ಊಟವೂ ಉಂಟು, ಆದರೆ ಕೊಂಚ ಹೆಚ್ಚು ಕೊಟ್ಟು ಬಾಳೆಎಲೆಯ ಊಟವನ್ನೇ ಮಾಡಬೇಕು. ಬಡಿಸುವವರು ಸಾರಿನ ಪಾತ್ರೆ ಹಿಡಿದು ಎರಡನೆಯ ಸಲ ಬಂದಾಗ ಅಮ್ಮ ಎಲೆಯ ಮೇಲೆ ಅನ್ನವನ್ನು ಗುಡ್ಡೆ ಮಾಡಿ ನಡುವೆ ಗುಂಡಿ ತೋಡಿಕೊಂಡು ಕಾದಿದ್ದರು. ಪರಊರಿನಲ್ಲಿ ಅವರು ಅಷ್ಟು ನಿರಾಳವಾಗಿ ಉಂಡದ್ದನ್ನು ನಾನು ನೋಡಿರಲಿಲ್ಲ. ಬೆಳಗಿನ ತಿಂಡಿಗೆ ಕಿಂಗ್ಸ್ ಸರ್ಕಲ್ ಬಳಿಯ ಕೆಫೆ ಮದ್ರಾಸ್ ಇದೆ. ಭಾನುವಾರ ಅಲ್ಲಿ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯಬೇಕಾಗುತ್ತದೆ, ಆದರೆ ಅನಾನಸು ಶೀರಾ ಮತ್ತು ಫಿಲ್ಟರ್ ಕಾಫಿ ಆ ಕಾಯುವಿಕೆಗೆ ತಕ್ಕವು. ಮಾರುಕಟ್ಟೆಯ ಹೂವಿನ ಅಂಗಡಿಗಳಲ್ಲಿ ಮಲ್ಲಿಗೆ, ಕನಕಾಂಬರಗಳು ನಮ್ಮ ಊರಿನಂತೆಯೇ ದಂಡೆಯಾಗಿ ಸಿಗುತ್ತವೆ.

ಕನ್ನಡಿಗರಿಗೆ ಇನ್ನೊಂದು ಸಂತೋಷವೂ ಇಲ್ಲಿದೆ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇರುವುದು ಇದೇ ಬಡಾವಣೆಯ ಭಾವು ದಾಜಿ ರಸ್ತೆಯಲ್ಲಿ. ಅಲ್ಲಿ ಕನ್ನಡ ನಾಟಕ, ಉಪನ್ಯಾಸಗಳು ನಡೆಯುತ್ತಿರುತ್ತವೆ. ಹೋಗುವ ಮುನ್ನ ಕಾರ್ಯಕ್ರಮವೇನಾದರೂ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕೊರತೆಗಳನ್ನೂ ಹೇಳಬೇಕು. ಮಾಟುಂಗದಲ್ಲಿ ವಸತಿಗೃಹಗಳು ಕಡಿಮೆ, ಇರುವವುಗಳಲ್ಲಿ ಹಲವು ಹಳೆಯ ಕಟ್ಟಡಗಳಲ್ಲಿವೆ. ನಾವು ಇಳಿದುಕೊಂಡ ಕಡೆ ಲಿಫ್ಟ್ ಇದೆ ಎಂದು ಫೋನಿನಲ್ಲಿ ಹೇಳಿದ್ದರು, ಹೋದಾಗ ಅದು ಕೆಟ್ಟು ನಿಂತಿತ್ತು. ಒತ್ತಾಯ ಮಾಡಿದ ಮೇಲೆಯೇ ಕೆಳಗಿನ ಕೋಣೆ ಕೊಟ್ಟರು. ಹಿರಿಯರನ್ನು ಕರೆದೊಯ್ಯುವವರು ನೆಲಮಹಡಿಯ ಕೋಣೆಯನ್ನೇ ಕೇಳಿ ಕಾಯ್ದಿರಿಸಬೇಕು. ಸಯನ್ ಮತ್ತು ಬಾಂದ್ರಾದಿಂದ ದಕ್ಷಿಣಕ್ಕೆ ಆಟೋಗಳಿಗೆ ಪರವಾನಗಿ ಇಲ್ಲದ ಕಾರಣ ಇಲ್ಲಿ ಟ್ಯಾಕ್ಸಿ ಅಥವಾ ಬೆಸ್ಟ್ ಎಂಬ ನಗರ ಸಾರಿಗೆಯ ಬಸ್ಸೇ ಗತಿ. ಜೋರು ಮಳೆಯಲ್ಲಿ ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರ್ಕೆಟ್ ಭಾಗದಲ್ಲಿ ನೀರು ನಿಲ್ಲುತ್ತದೆಯಾದ್ದರಿಂದ ಜುಲೈ, ಆಗಸ್ಟಿನಲ್ಲಿ ಇಲ್ಲಿ ತಂಗಲು ನಾನು ಹೇಳಲಾರೆ. ಭಾನುವಾರ ಹಳಿ ದುರಸ್ತಿಗೆಂದು ರೈಲುಗಳನ್ನು ತಡೆಯುವ ಮೆಗಾ ಬ್ಲಾಕಿನ ವೇಳೆಯನ್ನು ಹಿಂದಿನ ದಿನವೇ ನೋಡಿಕೊಂಡಿರಬೇಕು.

ಒಂದೇ ದಿನ ಇದ್ದು ದಕ್ಷಿಣದ ಫೋರ್ಟ್ ಪ್ರದೇಶವನ್ನಷ್ಟೇ ನೋಡುವವರಿಗೆ ಅದರ ಪಕ್ಕದ ಕೊಲಾಬಾ ಅನುಕೂಲ, ಕೋಣೆ ಚಿಕ್ಕದಾದರೂ ಬಾಡಿಗೆ ದುಬಾರಿಯಾದರೂ ಸಹಿಸಬಹುದು. ಆದರೆ ಚಿಕಿತ್ಸೆಗಾಗಿ ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ನಮ್ಮ ಕಡೆಯಿಂದ ಹೋಗುವ ಕುಟುಂಬಗಳು ಮಾಟುಂಗವನ್ನು ಖಂಡಿತ ಗಮನಿಸಬೇಕು. ದಾದರ್ ದಾಟಿದರೆ ಪರೇಲ್ ಸ್ಟೇಷನ್ನು, ಎರಡೇ ನಿಲ್ದಾಣಗಳ ದೂರ. ದಿನವಿಡೀ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬಂದವರಿಗೆ ರಾತ್ರಿ ಬಿಸಿ ಅನ್ನ, ತಿಳಿಸಾರು ಹತ್ತಿರದಲ್ಲೇ ಸಿಗುತ್ತದೆ.