ಕಾಂಕ್ರೀಟ್ ಬಿರುಕಿಗೆ ಪಾಲಿಯುರೆಥೇನ್ ಸೀಲಂಟ್: ಬಳಸಿ ನೋಡಿದ ಮೇಲೆ

ತಾರಸಿಯ ನೆಲ ಮತ್ತು ಪ್ಯಾರಪೆಟ್ ಗೋಡೆ ಕೂಡುವ ಸಂದಿನಲ್ಲಿ, ಹಾಗೆಯೇ ಮನೆಯ ಮುಂದಿನ ಕಾಂಕ್ರೀಟ್ ಹಾಸಿನಲ್ಲಿ ಬಿಟ್ಟಿದ್ದ ಬಿರುಕುಗಳಿಗೆ ಪಾಲಿಯುರೆಥೇನ್ ಸೀಲಂಟ್ (ಸಂದು ಮುಚ್ಚುವ, ಒಣಗಿದ ಮೇಲೂ ರಬ್ಬರಿನಂತಿರುವ ಅಂಟು) ತುಂಬಿಸಿ, ಅದು ಬಿಸಿಲು ಮಳೆ ಎರಡನ್ನೂ ಕಂಡ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನಾನು ಬಳಸಿದ್ದು ಬೇರೇನನ್ನೂ ಬೆರೆಸಬೇಕಿಲ್ಲದ, ಗನ್ನಿಗೆ ಸಿಕ್ಕಿಸಿ ಒತ್ತುವ ಕೊಳವೆಯಲ್ಲಿ ಬರುವ ಬಗೆ. ಈ ಕೆಲಸದಲ್ಲಿ ಕಂಪನಿಯ ಹೆಸರಿಗಿಂತ ಸೀಲಂಟಿನ ಬಗೆಯೇ ಮುಖ್ಯವಾದ್ದರಿಂದ ಹೆಸರನ್ನು ಬಿಟ್ಟಿದ್ದೇನೆ.

ಬಿರುಕಿಗೆ ಸಿಮೆಂಟ್ ಹಾಲು ಬಳಿದು ಕೈತೊಳೆದುಕೊಳ್ಳುವ ರೂಢಿ ಹಳೆಯದು. ಅದು ಮುಂದಿನ ಬೇಸಿಗೆಯೊಳಗೆ ಮತ್ತೆ ಬಾಯಿಬಿಡುವುದೂ ಅಷ್ಟೇ ಹಳೆಯದು. ಕಾರಣ ಸರಳವಾಗಿದೆ. ಪ್ರತಿ ಡಿಗ್ರಿ ಸೆಲ್ಸಿಯಸ್ ಬಿಸಿಗೆ ಕಾಂಕ್ರೀಟ್ ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. 6 ಮೀಟರ್ ಉದ್ದದ ಹಾಸು 25 ಡಿಗ್ರಿಯ ಏರಿಳಿತಕ್ಕೆ ಸಿಕ್ಕಿದರೆ ಒಟ್ಟು 1.5 ಮಿ.ಮೀ.ನಷ್ಟು ಚಲನೆಯಾಗುತ್ತದೆ, ಮತ್ತು ಅದರ ಬಹುಪಾಲು ಇರುವ ಒಂದೇ ಬಿರುಕಿನಲ್ಲಿ ಕಾಣಿಸಿಕೊಳ್ಳಬಹುದು. ಗಟ್ಟಿಯಾದ ಗಾರೆ ಇದನ್ನು ತಾಳಲಾರದು. ಒಳ್ಳೆಯ ಪಾಲಿಯುರೆಥೇನ್ ಸೀಲಂಟಾದರೋ ತಾನು ತುಂಬಿರುವ ಅಗಲದ ಶೇ. 25ರಷ್ಟು ಹಿಗ್ಗಬಲ್ಲದು, ಅಷ್ಟೇ ಕುಗ್ಗಬಲ್ಲದು.

ಆದರೆ ಇಲ್ಲಿಯೇ ಪೊಟ್ಟಣದ ಮೇಲಿನ ಮಾತಿಗೂ ವಾಸ್ತವಕ್ಕೂ ಅಂತರ ಬೀಳುತ್ತದೆ. 2 ಮಿ.ಮೀ. ಬಿರುಕಿಗೆ ನೇರವಾಗಿ ಸೀಲಂಟ್ ಒತ್ತಿದರೆ ಅದರ ಶೇ. 25 ಎಂದರೆ ಕೇವಲ ಅರ್ಧ ಮಿ.ಮೀ.; ಮೇಲಿನ ಲೆಕ್ಕದ ಚಲನೆಗೆ ಅದು ಏನೇನೂ ಸಾಲದು. ಬಿರುಕನ್ನೇ 10 ಮಿ.ಮೀ. ಅಗಲಕ್ಕೆ ಕೊರೆದು ತುಂಬಿದರೆ ಅದೇ ಸೀಲಂಟಿಗೆ 2.5 ಮಿ.ಮೀ. ಆಡುವ ಅವಕಾಶ ಸಿಗುತ್ತದೆ. ಮುಚ್ಚಬೇಕಾದ ಬಿರುಕನ್ನು ದೊಡ್ಡದು ಮಾಡಲು ಯಾರಿಗೂ ಮನಸ್ಸು ಬಾರದು, ನಿಜ. ಈ ಸಾಮಗ್ರಿಯ ಯಶಸ್ಸು ಇರುವುದು ಮಾತ್ರ ಅಲ್ಲಿಯೇ. ಕೊರೆಯುವಾಗ ಆಳಕ್ಕೆ ಹೋಗಬಾರದು, ಏಕೆಂದರೆ ಚಾವಣಿಯಲ್ಲಿ ಕಬ್ಬಿಣದ ಮೇಲಿರುವ ಕಾಂಕ್ರೀಟಿನ ಹೊದಿಕೆ ಸಾಮಾನ್ಯವಾಗಿ 20 ಮಿ.ಮೀ. ಆಸುಪಾಸಿನದು.

ಸೀಲಂಟ್ ಸಂದಿನ ಎರಡು ಅಂಚುಗಳಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಬಾರದು. ಮೂರೂ ಕಡೆ ಅಂಟಿಕೊಂಡರೆ ಅದು ರಬ್ಬರಿನಂತೆ ಎಳೆದುಕೊಳ್ಳಲಾಗದೆ ನಡುವೆ ಹರಿಯುತ್ತದೆ. ಆದ್ದರಿಂದ ಪ್ಯಾರಪೆಟ್ ಸಂದಿನಲ್ಲಿ ಮೊದಲು ಬ್ಯಾಕರ್ ರಾಡನ್ನು, ಅಂದರೆ ಸಂದಿನ ತಳ ತುಂಬುವ ಪಾಲಿಎಥಿಲೀನ್ ನೊರೆಯ ಮೆತ್ತನೆಯ ಹುರಿಯನ್ನು, ತುರುಕಿದೆ. ಸಂದಿನ ಅಗಲಕ್ಕಿಂತ ಅದು ಕಾಲುಭಾಗದಷ್ಟು ಹೆಚ್ಚು ದಪ್ಪವಿದ್ದರೆ ಬಿಗಿಯಾಗಿ ಕೂರುತ್ತದೆ. ಆಳ ಸಾಲದ ಕಡೆ ಸೀಲಂಟ್ ಅಂಟದಂಥ ನುಣುಪಾದ ಟೇಪನ್ನು ತಳಕ್ಕೆ ಹಾಸಿದರೂ ನಡೆಯುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ದೂಳನ್ನು ಪೂರ್ತಿ ಊದಿಸಿ, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿದ ಮೇಲೆ ಕೊಳವೆಯ ಮೂತಿಯನ್ನು ಓರೆಯಾಗಿ ಕತ್ತರಿಸಿ ಒತ್ತುತ್ತಾ ಹೋದೆ. ಹೊರಬರುವ ಸೀಲಂಟ್ ಬೆಣ್ಣೆಯಷ್ಟು ದಪ್ಪವಾಗಿದ್ದು, ನಿಂತ ಗೋಡೆಯಲ್ಲಿಯೂ ಜಾರುವುದಿಲ್ಲ. ಸಾಬೂನು ನೀರಿನಲ್ಲಿ ಅದ್ದಿದ ಚಮಚೆಯ ಬೆನ್ನಿನಿಂದ ಒಮ್ಮೆ ಎಳೆದರೆ ಮೈ ನುಣುಪಾಗಿ, ಅಂಚುಗಳಿಗೆ ಒತ್ತಿ ಕೂರುತ್ತದೆ. ಮೇಲೆ ಕೆನೆ ಕಟ್ಟುವ ಮೊದಲೇ ಟೇಪನ್ನು ಕಿತ್ತುಬಿಡಬೇಕು. ತಡವಾದರೆ ಅಂಚೂ ಅದರ ಜೊತೆಗೇ ಎದ್ದು ಬರುತ್ತದೆ.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಪ್ಯಾರಪೆಟ್ ಸಂದಿನ ಸೋರಿಕೆ ನಿಂತಿದೆ. ಉಗುರಿನಿಂದ ಒತ್ತಿದರೆ ಸೀಲಂಟ್ ಇಂದಿಗೂ ತಗ್ಗಿ ಮತ್ತೆ ಮೇಲೇಳುತ್ತದೆ. ಅಂಚು ಎಲ್ಲಿಯೂ ಬಿಟ್ಟಿಲ್ಲ. ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಇದರ ಮೇಲೆ ನಿಲ್ಲುತ್ತದೆ. ಇನ್ನು ದೋಷಗಳು. ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುವ ಸಾಮಗ್ರಿಯಾದ್ದರಿಂದ ದಿನಕ್ಕೆ 2–3 ಮಿ.ಮೀ. ಆಳದಷ್ಟೇ ಒಣಗುತ್ತದೆ, ಅಷ್ಟರೊಳಗೆ ಅಂಟುವ ಮೈಗೆ ದೂಳೆಲ್ಲ ಮೆತ್ತಿಕೊಳ್ಳುತ್ತದೆ. ಹಾಸಿನ ಒಂದು ಮೂಲೆ ಒಳಗೆ ಹಸಿಯಾಗಿದ್ದ ಕಡೆ ಸಣ್ಣ ಗುಳ್ಳೆಗಳೆದ್ದಿವೆ; ಇದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ನೀರಿನೊಡನೆ ವರ್ತಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಬರುವುದೇ ಇದಕ್ಕೆ ಕಾರಣ. ಆ ಐಸೊಸಯನೇಟಿನ ದೆಸೆಯಿಂದಲೇ ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆಯೇ ಕೆಲಸ ಮಾಡಬೇಕು. ಬಿಸಿಲಿಗೆ ತೆರೆದಿಟ್ಟ ಭಾಗ ಹಳದಿಯಾಗತೊಡಗಿದೆ, ಬಣ್ಣ ಹೊಡೆದ ಭಾಗ ಹಾಗಾಗಿಲ್ಲ.

ಎಲ್ಲ ಬಿರುಕಿಗೂ ಇದೇ ಮದ್ದೆಂದು ಕೊಳ್ಳುವವರಿಗೆ ನಿರಾಸೆ ಕಾದಿದೆ. ಗೋಡೆಯ ಗಾರೆಯ ಕೂದಲೆಳೆ ಬಿರುಕುಗಳಿಗೆ ನೀರಿನಲ್ಲಿ ತೊಳೆಯಬಹುದಾದ ಅಕ್ರಿಲಿಕ್ ಪೇಸ್ಟ್ ಸಾಕು. ತೊಲೆ ಕಂಬಗಳ ಬಿರುಕಿಗೆ ಶಕ್ತಿಯೇ ಮರಳಬೇಕು. ಅದು ಇಂಜಿನಿಯರ್ ನೋಡಿದ ಮೇಲೆ ಒತ್ತಡದಿಂದ ತುಂಬುವ ಎಪಾಕ್ಸಿಯ (ಕಲ್ಲಿನಂತೆ ಗಟ್ಟಿಯಾಗುವ ಅಂಟಿನ) ಕೆಲಸ, ಅದೂ ಬಿರುಕು ಚಲಿಸುವುದು ನಿಂತಿದ್ದರೆ ಮಾತ್ರ. ಚಲಿಸುವ ಬಿರುಕಿಗೆ ಎಪಾಕ್ಸಿ ತುಂಬಿದರೆ ಪಕ್ಕದಲ್ಲಿ ಹೊಸದೊಂದು ಬಿಡುತ್ತದೆ. ಕಬ್ಬಿಣದ ಗುಂಟ ಸಾಗುವ, ಕಂದು ಕಲೆ ಒಸರುವ ಬಿರುಕನ್ನಂತೂ ಮೇಲಿನಿಂದ ಮುಚ್ಚಲೇಬಾರದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಒಳಗಿನಿಂದ ಸಿಡಿಸುತ್ತಲೇ ಇರುತ್ತದೆ. ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ, ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟು ಕೆಲವು ತಿಂಗಳು ಗಮನಿಸುವುದು ಲೇಸು.

310 ಮಿ.ಲೀ. ಕೊಳವೆಯೊಂದು 10 ಮಿ.ಮೀ. ಅಗಲ, 5 ಮಿ.ಮೀ. ಆಳದ ಸಂದಿಗೆ ಲೆಕ್ಕದ ಪ್ರಕಾರ 6.2 ಮೀಟರ್ ಬರುತ್ತದೆ. ಚೆಲ್ಲುವುದನ್ನು ಕಳೆದು 5 ಮೀಟರ್ ಎಂದಿಟ್ಟುಕೊಳ್ಳುವುದು ಕ್ಷೇಮ. ತೆರೆದ ಕೊಳವೆ ಮೂತಿಯಿಂದಲೇ ಗಟ್ಟಿಯಾಗುತ್ತಾ ಬರುವುದರಿಂದ ಉಳಿಸಿಡುವ ಆಸೆ ಬೇಡ, ಸಂದುಗಳನ್ನೆಲ್ಲ ಸಿದ್ಧಮಾಡಿಟ್ಟುಕೊಂಡ ಮೇಲೆಯೇ ಕತ್ತರಿಸಬೇಕು. ಕೊಳ್ಳುವಾಗ ಬಳಕೆಯ ಕೊನೆಯ ದಿನಾಂಕವನ್ನು ನೋಡಬೇಕು, ಹಿಂಬದಿಯ ಮುಚ್ಚಳವನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು. ಅದು ಸ್ವಲ್ಪವೂ ಸರಿಯದೆ ಕಲ್ಲಿನಂತಿದ್ದರೆ ಬೇರೊಂದನ್ನು ಕೇಳಿ ಪಡೆಯಬೇಕು.