‘ಕರೆಂಟೇ ಬೇಡದ ಜನರೇಟರ್’ ಕೊಳ್ಳುವ ಮೊದಲು ತಳದ ಪೆಟ್ಟಿಗೆ ಬಿಚ್ಚಿಸಿ

ಮದ್ದೂರು ಕಡೆಯ ಕಬ್ಬಿನ ಗದ್ದೆಯೊಂದಕ್ಕೆ ಬಂದಿಳಿದ ‘ಫ್ರೀ ಎನರ್ಜಿ’ ಯಂತ್ರದ ಪಾಡು ಇದು. ಮಾರಿದವರ ಹೆಸರು ಬೇಡ. ಬೋರ್ಡು ಬದಲಾಯಿಸಿಕೊಂಡು ಇದೇ ಸರಕು ಊರೂರಿಗೂ ಬರುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆ, ಅದರಲ್ಲೂ ಒಂದಷ್ಟು ರಾತ್ರಿ ಪಾಳಿ. ಹಾಗಿರುವಾಗ ‘ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಸಾಕು ಯಜಮಾನ್ರೇ, ಆಮೇಲೆ ತನ್ನ ಕರೆಂಟು ತಾನೇ ಮಾಡ್ಕೊಂಡು ನಿಮ್ಮ 5 ಎಚ್‌ಪಿ ಮೋಟ್ರನ್ನೂ ಓಡಿಸ್ತದೆ’ ಎಂದರೆ ಯಾರಿಗೆ ಆಸೆ ಹುಟ್ಟದು?

ಯಂತ್ರದಲ್ಲಿದ್ದದ್ದು ಇಷ್ಟೇ: 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ವಿ-ಬೆಲ್ಟು, 60 ಸೆಂ.ಮೀ. ಅಗಲ, 4.5 ಸೆಂ.ಮೀ. ದಪ್ಪದ ಸುಮಾರು 100 ಕೆ.ಜಿ. ಉಕ್ಕಿನ ಗಾಲಿ, ಆ ತುದಿಗೆ ಆಲ್ಟರ್ನೇಟರು (ತಿರುಗಿಸಿದರೆ ಕರೆಂಟು ಮಾಡುವ ಯಂತ್ರ). ಗಾಲಿ ನಿಮಿಷಕ್ಕೆ 1,440 ಸುತ್ತಿಗೆ ಬಂದ ಮೇಲೆ ಪ್ಲಗ್ ಕಿತ್ತರು. 9 ವಾಟಿನ ನಾಲ್ಕು ಎಲ್‌ಇಡಿ ಬಲ್ಬು ಉರಿಯುತ್ತಲೇ ಇದ್ದವು. ನೋಡಿದವರು ಬೆರಗಾದರು, ಅಡ್ವಾನ್ಸ್ ಕೈ ಬದಲಾಯಿತು.

ಕಣ್ಕಟ್ಟು ಎಲ್‌ಇಡಿಯಲ್ಲೇ ಇದೆ. ವೋಲ್ಟೇಜು ಸಾಕಷ್ಟು ಕುಸಿದರೂ ಒಳಗಿನ ಡ್ರೈವರು ಬೆಳಕನ್ನು ಒಂದೇ ಸಮ ಇಡುತ್ತದೆ. ಗಾಲಿ ನಿಧಾನವಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ಹಳೆಯ 100 ವಾಟಿನ ಬುರುಡೆ ಬಲ್ಬು ಹಾಕಿದ್ದರೆ ಕೆಂಪಗಾಗಿ ಗುಟ್ಟು ಬಿಟ್ಟುಕೊಡುತ್ತಿತ್ತು.

ಲೆಕ್ಕ ಹಾಕಿ. ಅಷ್ಟು ತೂಕದ ಗಾಲಿ ಆ ವೇಗದಲ್ಲಿ ಹಿಡಿದಿಟ್ಟುಕೊಳ್ಳುವುದು ಸುಮಾರು 51 ಸಾವಿರ ಜೂಲ್, ಅಂದರೆ 0.014 ಯೂನಿಟ್. 5 ಎಚ್‌ಪಿ ಪಂಪಿಗೆ ಸೆಕೆಂಡಿಗೆ 3,730 ಜೂಲ್ ಬೇಕು. ಒಂದು ಹನಿಯೂ ಸೋರದೆ ಎಲ್ಲವೂ ಪಂಪಿಗೇ ಹೋದರೂ 14 ಸೆಕೆಂಡು ಬರುವುದಿಲ್ಲ. ಗದ್ದೆಯಲ್ಲಿ ಅದೂ ಬರಲಿಲ್ಲ. ನೇರವಾಗಿ ಸ್ಟಾರ್ಟ್ ಆಗುವ ಮೋಟಾರು ಮೊದಲು ಆರೇಳು ಪಟ್ಟು ಆಂಪ್ಸ್ ಎಳೆಯುತ್ತದೆ. ಬೆಲ್ಟು ಕಿರ್ರೆಂದು ಜಾರಿ ರಬ್ಬರ್ ಸುಟ್ಟ ವಾಸನೆ ಬಂತು, ಪಂಪು ತಿರುಗದೆ ಬರೀ ಗುಂಯ್ ಎಂದಿತು. ಸ್ವಿಚ್ ಆರಿಸುವುದು ತಡವಾಗಿದ್ದರೆ ವೈಂಡಿಂಗೇ ಹೋಗುತ್ತಿತ್ತು. ಆಮೇಲೆ ತಳದ ತಗಡಿನ ಪೆಟ್ಟಿಗೆಯ ಬೋಲ್ಟು ಬಿಚ್ಚಿದರೆ ಒಂದು ಇನ್ವರ್ಟರು, 12 ವೋಲ್ಟಿನ 150 ಎಎಚ್ ಬ್ಯಾಟರಿ! ‘ಬರೀ ಸ್ಟಾರ್ಟಿಂಗಿಗೆ’ ಎಂಬುದು ಮಾರಿದವರ ಉತ್ತರ. ಅದರಲ್ಲಿರುವುದು 1.8 ಯೂನಿಟ್. ಲೋಡಿಲ್ಲದ ಗಾಲಿಯನ್ನು ಎರಡು ಮೂರು ಗಂಟೆ ತಿರುಗಿಸಿ ಜನರನ್ನು ನಂಬಿಸಲು ಧಾರಾಳ ಸಾಕು.

ಸಿಕ್ಕಿಬಿದ್ದಾಗ ಬರುವ ಕೊನೆಯ ಮಾತು: ‘ಇಲ್ಲಿ ಗಾಳಿ, ಘರ್ಷಣೆ ತಡೀತದೆ. ಬಾಹ್ಯಾಕಾಶದಲ್ಲಿ ಇದು ನಿಲ್ಲೋದೇ ಇಲ್ಲ.’ ಓದಿದವರೂ ತಲೆದೂಗುವುದು ಇಲ್ಲೇ. ಗಾಳಿಯಿಲ್ಲದ ಕಡೆ ಗಾಲಿ ಬಹುಕಾಲ ತಿರುಗುತ್ತದೆ, ನಿಜ. 1977ರಲ್ಲಿ ಹೊರಟ ನಾಸಾದ ವಾಯೇಜರ್ 1 ನೌಕೆ ಇಂದಿಗೂ ಓಡುತ್ತಿದೆ. ಆದರೆ ಆ ಓಟದಿಂದ ಯಾರೂ ಕೆಲಸ ತೆಗೆಯುತ್ತಿಲ್ಲ. ಅದರ ಕರೆಂಟು ಬರುವುದು ಪ್ಲುಟೋನಿಯಂ ಕಾವಿನಿಂದ; ಹೊರಟಾಗ ಸುಮಾರು 470 ವಾಟ್ ಇದ್ದದ್ದು ವರ್ಷಕ್ಕೆ ನಾಲ್ಕು ವಾಟಿನಂತೆ ಇಳಿಯುತ್ತಾ ಬಂದಿದೆ. ಆಲ್ಟರ್ನೇಟರಿನಿಂದ ಆಂಪ್ಸ್ ಎಳೆದ ಕ್ಷಣ ಅದೇ ಕರೆಂಟಿನ ಕಾಂತಬಲ ರೋಟರನ್ನು ಹಿಂದಕ್ಕೆ ಒತ್ತುತ್ತದೆ. ಗಾಲಿಗೆ ಬ್ರೇಕು ಹಾಕಿದ್ದು ಮುಖ್ಯವಾಗಿ ಗಾಳಿಯಲ್ಲ, ನಿಮ್ಮ ಪಂಪೇ. ಮದ್ದೂರಲ್ಲಾದರೂ ಅಷ್ಟೇ, ಚಂದ್ರನ ಮೇಲಾದರೂ ಅಷ್ಟೇ: 51 ಸಾವಿರ ಜೂಲ್ ತುಂಬಿದರೆ ಅಷ್ಟೇ ವಾಪಸು.

ಇನ್ನು ಬಾಹ್ಯಾಕಾಶದ ಪಾಡು ಬೇರೆ. ಸಾಮಾನ್ಯ ಗ್ರೀಸು ನಿರ್ವಾತದಲ್ಲಿ ಆವಿಯಾಗುತ್ತದೆ, ವೈಂಡಿಂಗಿನ ಬಿಸಿ ಒಯ್ಯಲು ಗಾಳಿಯಿಲ್ಲ. ಬಾಹ್ಯಾಕಾಶದಲ್ಲಿದ್ದ ಕೆಪ್ಲರ್ ದೂರದರ್ಶಕದ ದಿಕ್ಕು ಹಿಡಿದಿಡುವ ನಾಲ್ಕು ಗಾಲಿಗಳಲ್ಲಿ ಒಂದು 2012ರಲ್ಲಿ, ಇನ್ನೊಂದು 2013ರಲ್ಲಿ ಕೈಕೊಟ್ಟಿತು. 1975ರಲ್ಲಿ ಹಾರಿದ ನಮ್ಮ ಆರ್ಯಭಟ ಉಪಗ್ರಹ 1992ರಲ್ಲಿ ವಾತಾವರಣಕ್ಕೆ ಮರಳಿ ಬಿತ್ತು. ಆ ಎತ್ತರದಲ್ಲೂ ತೆಳ್ಳನೆ ಗಾಳಿ ಎಳೆಯುತ್ತದೆ. ಪಕ್ಕದ ಹಾಸನದ ಇಸ್ರೋ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳೂ ಜಾಗ ಬಿಡದಿರಲು ಇಂಧನ ಸುಡಲೇಬೇಕು. ಭೂಮಿಯ ಮೇಲೂ ಬಿಟ್ಟಿ ಕರೆಂಟಿಲ್ಲ: ಶಿವನಸಮುದ್ರದ ವಿದ್ಯುತ್ತಿಗೆ 1902ರಿಂದಲೂ ಕಾವೇರಿ ಬೀಳುತ್ತಿದ್ದಾಳೆ, ಅವಳನ್ನು ಮೇಲಕ್ಕೆತ್ತುವವನು ಸೂರ್ಯ.

ಯಾರಾದರೂ ತಂದು ತೋರಿಸಿದರೆ ಬಲ್ಬು ಬೇಡ ಎನ್ನಿ. ಯಂತ್ರವನ್ನು ಮರದ ದಿಮ್ಮಿಯ ಮೇಲಿಡಿಸಿ, ತಳದ ಮುಚ್ಚಳ ತೆಗೆಸಿ, ಹೊರಗಿನ ವೈರೆಲ್ಲ ಕಿತ್ತಿಡಿ. 20 ಲೀಟರ್ ನೀರಿನ ಬಕೆಟ್ಟಿಗೆ 1,500 ವಾಟಿನ ಕಾಯಿಲ್ ಹಾಕಿ. 25ರಿಂದ 80 ಡಿಗ್ರಿಗೆ ಕಾಯಲು ಸುಮಾರು 1.3 ಯೂನಿಟ್ ಬೇಕು, ಮುಕ್ಕಾಲು ಗಂಟೆ ಮೀರುತ್ತದೆ. ಗಾಲಿಯೊಂದೇ ಆದರೆ ಅರ್ಧ ನಿಮಿಷಕ್ಕೆ ಕುಸಿಯುತ್ತದೆ. ಕದ್ದಿಟ್ಟ ಬ್ಯಾಟರಿ ಇದ್ದರೆ ಹೆಚ್ಚೆಂದರೆ ಮೊದಲ ಬಕೆಟ್ ದಾಟಬಹುದು, ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಮೀಟರಿನಲ್ಲಿ ವೋಲ್ಟೇಜಷ್ಟೇ ತೋರಿಸಿದರೆ ಒಪ್ಪಬೇಡಿ. ಲೋಡಿಲ್ಲದ ವೋಲ್ಟೇಜು ಏನನ್ನೂ ಹೇಳುವುದಿಲ್ಲ.

ಈಗಾಗಲೇ ಕೊಂಡವರು ‘ಟ್ರಯಲ್ ತೃಪ್ತಿಕರ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಬಿಲ್ಲು, ಹಣ ಕಳಿಸಿದ ದಾಖಲೆ, ಬ್ಯಾಟರಿಯ ಫೋಟೊ ಇಟ್ಟುಕೊಂಡು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಗ್ರಾಹಕರ ಸಹಾಯವಾಣಿ 1915. ಅದಕ್ಕೂ ಮೊದಲು ಒಂದು ಕೆಲಸ ಇವತ್ತೇ ಆಗಲಿ: ಚೇಂಜ್‌ಓವರ್ ಸ್ವಿಚ್ಚಿಲ್ಲದೆ (ಲೈನು, ಯಂತ್ರ ಎರಡರಲ್ಲಿ ಒಂದನ್ನಷ್ಟೇ ಜೋಡಿಸುವ ಸ್ವಿಚ್ಚು) ಯಂತ್ರವನ್ನು ಪಂಪ್‌ಸೆಟ್ಟಿನ ಲೈನಿಗೆ ಸೇರಿಸಿದ್ದರೆ ತಪ್ಪಿಸಿ. ಒಳಗಿನ ಇನ್ವರ್ಟರಿನ ಕರೆಂಟು ಉಲ್ಟಾ ಹರಿದು, ಲೈನ್ ಆಫ್ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಕೈಗೆ ತಗಲುತ್ತದೆ.