ಎಂಡೋಸ್ಕೋಪಿ ಕಲಿಯುವವರ ಕೈ ಪರೀಕ್ಷಿಸಲು ಯಾವುದು ಸರಿ: ಕಂಪ್ಯೂಟರ್ ಸಿಮ್ಯುಲೇಟರ್, ಸಿಲಿಕೋನ್ ಮಾಡೆಲ್, ಹಂದಿ ಜಠರ?

ಹುಬ್ಬಳ್ಳಿಯಲ್ಲಿ ಕಿರಿಯ ಡಾಕ್ಟರ್‌ಗಳಿಗೆ ನಾನು ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಬಾಗುವ ಕೊಳವೆ (ಸ್ಕೋಪ್) ಹಾಕಿ ಜಠರ, ಕರುಳಿನ ಒಳಗೆ ನೋಡುವುದನ್ನು, ಕಲಿಸುತ್ತೇನೆ. ಒಬ್ಬರೇ ಸ್ಕೋಪ್ ಹಾಕಲು ಇವರು ತಯಾರಾಗಿದ್ದಾರಾ ಅಂತ ತಿಳಿಯುವುದು ಹೇಗೆ? "ಇಷ್ಟು ಕೇಸ್ ಮಾಡಿದಾರೆ, ಸಾಕು" ಅನ್ನುವ ಲೆಕ್ಕ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಲಾಗ್‌ಬುಕ್‌ನಲ್ಲಿ ಕೇಸ್ ಕಾಣುತ್ತದೆ, ಕೈ ಕಾಣುವುದಿಲ್ಲ. ಸವಣೂರಿನಿಂದಲೋ ರೋಣದಿಂದಲೋ, ಹಿಂದಿನ ದಿನ ಲೀಟರ್‌ಗಟ್ಟಲೆ ಭೇದಿ ಔಷಧಿ ಕುಡಿದು, ಬೆಳಗಿನ ಬಸ್ ಹಿಡಿದು ಬಂದವರ ಕರುಳಿನಲ್ಲಿ ಆ ಪರೀಕ್ಷೆ ನಡೆಯಬಾರದು. ಅದಕ್ಕೇ ಈ ಮೂರನ್ನೂ ನಾನೇ ಮಾಡಿ ನೋಡಿದೆ, ಜೂನಿಯರ್‌ಗಳ ಕೈಯಲ್ಲೂ ಮಾಡಿಸಿದೆ.

ಮೊದಲು ಕಂಪ್ಯೂಟರ್ ಸಿಮ್ಯುಲೇಟರ್. ಇದರ ದೊಡ್ಡ ಗುಣ ಅಂದರೆ ಪಕ್ಷಪಾತ ಇಲ್ಲ. ಎಷ್ಟು ಹೊತ್ತು ಹಿಡಿಯಿತು, ಒಳಪದರ ಶೇಕಡಾ ಎಷ್ಟು ಕಂಡಿತು, ಎಷ್ಟು ಹೊತ್ತು ರೋಗಿಗೆ ನೋವಾಗುತ್ತಿತ್ತು, ಎಲ್ಲ ಅದೇ ಬರೆದಿಡುತ್ತದೆ. ಎಲ್ಲರಿಗೂ ಒಂದೇ ಕೇಸ್. ಅಮೆರಿಕದಲ್ಲಿ ಸೇಜಸ್ ಎಂಬ ಸರ್ಜನ್‌ಗಳ ಸಂಘ ಎಫ್‌ಇಎಸ್ ಅನ್ನುವ ತನ್ನ ಎಂಡೋಸ್ಕೋಪಿ ಅರ್ಹತಾ ಪರೀಕ್ಷೆಯ ಕೈಕೆಲಸದ ಭಾಗವನ್ನು ರೂಪಿಸಿದ್ದು ಇಂಥದ್ದೇ ಯಂತ್ರ, ಜಿಐ ಮೆಂಟರ್ ಮೇಲೆ. ಅದರಲ್ಲಿ ಐದು ಕೆಲಸ: ಸ್ಕೋಪ್ ಸಾಗಿಸುವುದು, ಲೂಪ್ (ಕರುಳಿನೊಳಗೆ ಸ್ಕೋಪ್ ಸುತ್ತಿಕೊಳ್ಳುವುದು) ಬಿಡಿಸುವುದು, ತುದಿ ಹಿಂದಕ್ಕೆ ಮಡಚಿ ನೋಡುವುದು, ಒಳಪದರ ಪೂರ್ತಿ ಪರೀಕ್ಷಿಸುವುದು, ಗುರಿ ಮುಟ್ಟುವುದು. 2018ರ ಬ್ಯಾಚಿನಿಂದ ಅಲ್ಲಿನ ಸರ್ಜರಿ ಬೋರ್ಡ್ ಅದನ್ನು ಕಡ್ಡಾಯವೂ ಮಾಡಿತು.

ಆದರೆ ಕೈಗೆ ಅದು ಹೇಗಿರುತ್ತದೆ ಅಂದರೆ, ಲೂಪ್ ಬಿದ್ದಾಗ ಬರುವ ಬಿಗಿ ಯಂತ್ರದ ಮೋಟಾರ್ ಕೊಡುವ ಬಿಗಿ, ಕರುಳಿನದ್ದಲ್ಲ. ನಾನು ಕೂತ ಯಂತ್ರದಲ್ಲಿ ಸ್ಕೋಪನ್ನು ಸುಮ್ನೆ ಒತ್ತುತ್ತಾ ಹೋದರೂ ಎಷ್ಟೋ ಸಲ ಸೀಕಮ್ (ದೊಡ್ಡ ಕರುಳಿನಲ್ಲಿ ಸ್ಕೋಪ್ ಮುಟ್ಟಬೇಕಾದ ಆಚೆ ತುದಿ) ತಲುಪಬಹುದಿತ್ತು. ಹೊಸಬರನ್ನೂ ಪಳಗಿದವರನ್ನೂ ಅದು ಚೆನ್ನಾಗಿ ಬೇರೆ ಮಾಡುತ್ತದೆ. ನಡುವಿನವರನ್ನು, ಅಂದರೆ ನಮಗೆ ನಿಜವಾಗಿ ಅನುಮಾನ ಇರುವವರನ್ನೇ, ಬೇರೆ ಮಾಡಲು ತಡವರಿಸುತ್ತದೆ. ಬೆಲೆ ಬೇರೆ ಜಾಸ್ತಿ. 2018ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಕೂಡ ಇಂಥ ಯಂತ್ರಗಳು ಆರಂಭದ ಕಲಿಕೆಗೆ ಉಪಯೋಗ ಅಂದಿತೇ ಹೊರತು ಮಾಮೂಲಿ ತರಬೇತಿಯ ಜಾಗ ತುಂಬುತ್ತವೆ ಅನ್ನಲಿಲ್ಲ.

ಎರಡನೆಯದು ಸಿಲಿಕೋನ್ ಮಾಡೆಲ್. ನನ್ನ ಮತ ಇದಕ್ಕೇ. ಹೊಟ್ಟೆಯಾಕಾರದ ಪೆಟ್ಟಿಗೆ, ಒಳಗೆ ರಬ್ಬರಿನಂಥ ಕೊಳವೆ, ಅಷ್ಟೇ. ನೋಡಲು ಏನೂ ಇಲ್ಲ. ಒಳಗೆ ಹೋದರೆ ಟೈರಿನ ಟ್ಯೂಬ್ ಹೊಕ್ಕ ಹಾಗೆ, ಬಣ್ಣವೂ ನಿಜದ್ದಲ್ಲ, ಜೆಲ್ ಕಡಿಮೆಯಾದರೆ ಸ್ಕೋಪ್ ಅಲ್ಲಲ್ಲೇ ಹಿಡಿದುಕೊಳ್ಳುತ್ತದೆ. ಆದರೂ ನಿಜವಾದ ಸ್ಕೋಪ್, ತುದಿ ಬಾಗಿಸುವ ನಿಜವಾದ ನಾಬ್, ನಿಜವಾದ ಟಾರ್ಕ್ (ಸ್ಕೋಪ್ ತಿರುಚುವ ಬಲ). ಸಿಗ್ಮಾಯ್ಡ್ (ದೊಡ್ಡ ಕರುಳಿನ ಕೊನೆಯ ಕಡೆಯ ಡೊಂಕು) ಭಾಗವನ್ನು ಬೇಕಾದ ಹಾಗೆ ಜೋಡಿಸಿ ಆಲ್ಫಾ ಲೂಪ್ (α ಅಕ್ಷರದಂಥ ಸುತ್ತು) ಬೀಳುವ ಹಾಗೆ ಮಾಡಬಹುದು. ಆಗ ಡಾಕ್ಟರ್ ಏನು ಮಾಡುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ. ಕೆಲವರು ಮುಂದೆ ದಾರಿ ಕಾಣದೆ ಪರದೆ ಕೆಂಪಾದರೂ ಒತ್ತುತ್ತಲೇ ಇರುತ್ತಾರೆ. ಕೆಲವರು ನಿಲ್ಲುತ್ತಾರೆ, ಬಲಕ್ಕೆ ತಿರುಗಿಸುತ್ತಾ ಹಿಂದಕ್ಕೆಳೆಯುತ್ತಾರೆ, ಗಾಳಿ ತೆಗೆಯುತ್ತಾರೆ, ಮಗ್ಗುಲು ಬದಲಿಸಲು ಹೇಳುತ್ತಾರೆ, ಹೊಟ್ಟೆ ಒತ್ತಲು ನರ್ಸ್‌ಗೆ ಎಲ್ಲಿ ಅಂತ ತೋರಿಸುತ್ತಾರೆ. ಒಬ್ಬ ಹುಡುಗಿ ಕಂಪ್ಯೂಟರಿನಲ್ಲಿ ತೀರಾ ಸಾಧಾರಣ ಅಂಕ ತೆಗೆದಿದ್ದಳು. ಮಾಡೆಲ್ ಮೇಲೆ ನಾಬ್ ತಿರುಗಿಸುವ ಅವಳ ಎಡಗೈ ಹೆಬ್ಬೆರಳು ನೋಡಿದ ಮೇಲೆ ಅವಳು ತಯಾರು ಅನ್ನುವುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ಆದರೆ ಮಾಡೆಲ್ ತಾನೇ ಅಂಕ ಕೊಡುವುದಿಲ್ಲ. ಪರೀಕ್ಷಕರು ಬೇಕು, ಇಬ್ಬರಾದರೆ ಒಳ್ಳೆಯದು, ಕೈಯಲ್ಲಿ ಚೆಕ್‌ಲಿಸ್ಟ್ ಇರಲೇಬೇಕು. ಬ್ರಿಟನ್ನಿನಲ್ಲಿ ರೋಗಿಯ ಮೇಲಿನ ಕೆಲಸವನ್ನು ಪಕ್ಕದಲ್ಲೇ ನಿಂತು ಅಳೆಯುವ ಡಾಪ್ಸ್ ಫಾರ್ಮ್ ಇದೆ. ನಾವು ಅದರ ಮಾದರಿಯಲ್ಲೇ ಒಂದು ಪುಟದ ಕನ್ನಡ-ಇಂಗ್ಲಿಷ್ ಹಾಳೆ ಮಾಡಿಕೊಂಡಿದ್ದೇವೆ. ವಿಡಿಯೊದಲ್ಲಿ ಪರದೆ, ಕೈ ಎರಡೂ ಬರಬೇಕು, ಹೆಸರು ಕಾಣಬಾರದು. ಇಲ್ಲದಿದ್ದರೆ ಗೊತ್ತಿರುವ ಮುಖಕ್ಕೆ ಅಂಕ ಬಿದ್ದುಬಿಡುತ್ತದೆ ಅಲ್ವಾ?

ಹಂದಿ ಜಠರದ ಮಾತು ಬೇರೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ 1990ರ ದಶಕದಲ್ಲಿ ಬೆಳೆದ ಪದ್ಧತಿ ಇದು. ರಕ್ತನಾಳದೊಳಗೆ ಪಂಪಿನಿಂದ ಕೆಂಪು ದ್ರವ ಹರಿಸಿ ರಕ್ತಸ್ರಾವ ತೋರಿಸುತ್ತಾರೆ. ಕ್ಲಿಪ್ ಹಾಕುವುದು, ಇಂಜೆಕ್ಷನ್ ಕೊಡುವುದು ಇದರಷ್ಟು ನಿಜವಾಗಿ ಇನ್ನೆಲ್ಲೂ ಬರುವುದಿಲ್ಲ. ನಮ್ಮ ಕಡೆ ಆಡಿನದ್ದು ಸುಲಭವಾಗಿ ಸಿಗುತ್ತದೆ, ಆದರೆ ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ, ಮನುಷ್ಯನ ಜಠರಕ್ಕೆ ಹೊಂದುವುದಿಲ್ಲ. ಹಂದಿಯದ್ದೇ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ವಾಸನೆ ಶುರು. ಅದಕ್ಕೆ ಬಳಸಿದ ಸ್ಕೋಪ್ ರೋಗಿಗೆ ಮತ್ತೆ ಬಳಸಬಾರದು, ಬೇರೆಯದೇ ಇಡಬೇಕು. ಒಂದು ಜಠರ ಇನ್ನೊಂದರ ಹಾಗಿರುವುದಿಲ್ಲ, ಹಾಗಾಗಿ ಎಲ್ಲರಿಗೂ ಸಮನಾದ ಪರೀಕ್ಷೆ ಕಷ್ಟ. ರಕ್ತ ನಿಲ್ಲಿಸುವ ಕೈ ನೋಡಬೇಕಾದರೆ ಮಾತ್ರ ಇದನ್ನು ತರಿಸುತ್ತೇನೆ.

ಗದಗ, ಹಾವೇರಿ ಕಡೆ ಯಾರಾದರೂ ಶುರು ಮಾಡುವವರಿದ್ದರೆ ಮೊದಲು ಸಿಲಿಕೋನ್ ಮಾಡೆಲ್ ತೆಗೆದುಕೊಳ್ಳಿ, ಲೂಪ್ ಬದಲಾಯಿಸಲು ಬರುವಂಥದ್ದನ್ನೇ ಕೇಳಿ. ರೋಗಿಗೆ ಬಳಸದ ಹಳೆಯ ಸ್ಕೋಪ್ ಒಂದಿದ್ದರೆ ಸಾಕು. ಅಲ್ಲಿ ಪಾಸಾದವರನ್ನು ರೋಗಿಯ ಹತ್ತಿರ ಕರೆದುಕೊಂಡು ಹೋಗಿ, ಆದರೆ ಪಕ್ಕದಲ್ಲಿ ನೀವು ನಿಂತಿರಿ, ಅದೇ ಹಾಳೆ ಕೈಯಲ್ಲಿರಲಿ.